ಬೆಂಕಿಕಡ್ಡಿಯಷ್ಟು ಎದ್ದ ಅಂಚು

ನನ್ನ ಮಾವನಿಗೆ ಇಬ್ಬರು ಅಳಿಯಂದಿರು. ದೊಡ್ಡವನು ನಾನು, ಕಾರುಗಳಿಗೆ ಗಾಜು ಕೂರಿಸುವವನು. ಚಿಕ್ಕವನು ನನ್ನ ಷಡ್ಡಕ, ಕಾರಿನೊಳಗಿನ ಸೀಟು, ಡ್ಯಾಶ್‌ಬೋರ್ಡು ರಿಪೇರಿ ಮಾಡುವವನು. ಇಬ್ಬರದೂ ಒಂದೇ ಶೆಡ್ಡು, ಅರ್ಧ ಅವನಿಗೆ, ಅರ್ಧ ನನಗೆ. ಮಾವ ಮಾತ್ರ ಪೂರ್ತಿ ಅವನಿಗೆ.

ಉತ್ಪ್ರೇಕ್ಷೆ ಅಲ್ಲ. ಮಾವ ಶೆಡ್ಡಿಗೆ ಬಂದರೆ ನನಗೊಂದು ನಮಸ್ಕಾರ, "ಚೆನ್ನಾಗಿದೀರಾ ಅಳಿಯಂದಿರೇ" ಅನ್ನೋದೊಂದು ಮಾತು, ಅಲ್ಲಿಗೆ ಮುಗಿಯಿತು. ನಾನು ಒರೆಸಿ ಹಾಕಿದ ಕುರ್ಚಿಯಲ್ಲಿ ಕೂರುವುದೂ ಇಲ್ಲ. ನೆಟ್ಟಗೆ ಷಡ್ಡಕನ ಕಡೆ ಹೋಗಿ, ಹರಿದ ಸೀಟೊಂದರ ಮೇಲೆ ಕುಕ್ಕರಿಸಿ, ಅವನ ಹೆಗಲ ಮೇಲೆ ಕೈ ಹಾಕಿ, "ಏನೋ ಚಿಕ್ಕೋನೇ, ಇವತ್ತು ಯಾರ ಗಾಡಿ ಕೆಡಿಸ್ತಿದೀಯ?" ಎಂದು ಹರಟೆ ಶುರು. ಹದಿನಾಲ್ಕು ವರ್ಷದಲ್ಲಿ ಆ ಕೈ ನನ್ನ ಹೆಗಲ ಮೇಲೆ ಒಂದು ಸಲವೂ ಬಿದ್ದಿಲ್ಲ. ನನ್ನ ಕೆಲಸಕ್ಕೆ ಒಂದು "ಭೇಷ್" ಕೂಡ ಬಂದಿಲ್ಲ. ನನಗೆ ಬೇಕಾಗಿದ್ದದ್ದು ಅಷ್ಟೇ ಸ್ವಾಮಿ, ಆಸ್ತಿ ಅಲ್ಲ, ಪಾಸ್ತಿ ಅಲ್ಲ. ಹೆಂಡತಿಯ ಹತ್ತಿರ ಹೇಳಿಕೊಂಡರೆ, "ನಿಮ್ಮ ಹೊಟ್ಟೆಕಿಚ್ಚಿನ ಮೇಲೆ ಹಂಡೆ ಇಟ್ರೆ ಮನೆಮಂದಿಗೆಲ್ಲ ಸ್ನಾನಕ್ಕಾಗತ್ತೆ" ಎಂದು ನಕ್ಕಳು. ಅವಳಪ್ಪನಲ್ಲವೇ, ನಗದೆ ಏನು ಮಾಡುತ್ತಾಳೆ.

ನನ್ನ ಕಸುಬಿನ ಹಣೆಬರಹವೂ ಹಾಗೇ ಇದೆ. ಗಾಜನ್ನು ಎಷ್ಟು ಚೆನ್ನಾಗಿ ಕೂರಿಸಿದರೆ ಅಷ್ಟು ಅದು ಕಣ್ಣಿಗೆ ಬೀಳುವುದಿಲ್ಲ. ಜನ ಅದರಾಚೆಗಿನ ರಸ್ತೆ ನೋಡುತ್ತಾರೆ. ಷಡ್ಡಕನ ಡ್ಯಾಶ್‌ಬೋರ್ಡು ಹಾಗಲ್ಲ, ಬಾಗಿಲು ತೆಗೆದ ಕೂಡಲೇ ಮಿರಮಿರ ಮಿಂಚುತ್ತದೆ. ಎಲ್ಲರೂ "ವಾಹ್" ಅನ್ನುವುದು ಅದಕ್ಕೇ.

ಮಾವ ನಲವತ್ತು ವರ್ಷ ಡ್ರೈವಿಂಗ್ ಕಲಿಸಿದವರು. ಅವರ ಹಳೇ ಕಾರಿಗೆ ಲಾರಿ ಚಕ್ರದಿಂದ ಸಿಡಿದ ಕಲ್ಲು ಬಡಿದು ಮುಂದಿನ ಗಾಜು ಬಿರುಕು ಬಿಟ್ಟಿತ್ತು. ಡ್ಯಾಶ್‌ಬೋರ್ಡು ಅದಕ್ಕೂ ಮುಂಚೆಯೇ ಬಿಸಿಲಿಗೆ ಹಾಳಾಗಿ, ಹಳೇ ಚಪ್ಪಲಿಯ ಅಟ್ಟೆಯ ಹಾಗೆ ಗಾಜಿನ ಕಡೆಯ ಅಂಚಿನಲ್ಲಿ ಮೇಲಕ್ಕೆದ್ದಿತ್ತು. ಆ ಅಂಚು ಇರುವುದು ಗಾಜಿನ ಬುಡದಲ್ಲಿ. ಗಾಜು ತೆಗೆದಾಗಲೇ ಅಲ್ಲಿಗೆ ಸರಿಯಾಗಿ ಕೈ ಹೋಗುವುದು. ಹಾಗಾಗಿ ನಾನು ಗಾಜು ಬಿಚ್ಚಬೇಕು, ಅವನು ಡ್ಯಾಶ್‌ಬೋರ್ಡು ನೇರ ಮಾಡಬೇಕು, ಆಮೇಲೆ ನಾನು ಹೊಸ ಗಾಜು ಕೂರಿಸಬೇಕು. ಒಂದೇ ಕಾರಿನಲ್ಲಿ ಇಬ್ಬರ ಕೆಲಸ, ಮಾರನೇ ದಿನ ನೋಡಲು ಬರುವವರು ಮಾವ. ಹಿಂದಿನ ರಾತ್ರಿ ನನಗೆ ನಿದ್ದೆಯೇ ಸರಿಯಾಗಿ ಬರಲಿಲ್ಲ.

ಬೆಳಿಗ್ಗೆ ತಂತಿಯಿಂದ ಹಳೇ ಅಂಟು ಕೊಯ್ದು ಗಾಜು ತೆಗೆದೆ. ಚೌಕಟ್ಟು ಕೆರೆದು ಕನ್ನಡಿಯ ಹಾಗೆ ನುಣ್ಣಗೆ ಮಾಡಿದೆ. ಷಡ್ಡಕ ಹೀಟ್ ಗನ್ ಹಿಡಿದು ಅಂಚನ್ನು ಹದವಾಗಿ ಕಾಯಿಸಿದ. ಮೆತ್ತಗಾದ ಮೇಲೆ ಅಡಿಗೆ ತಗಡಿನ ಪಟ್ಟಿ ಅಂಟಿಸಿ, ಮೇಲೆ ಹಲಗೆ ಇಟ್ಟು, ಮರಳಿನ ಚೀಲ ಹೇರಿದ. ಪೂರ್ತಿ ಆರುವ ತನಕ ಆ ಭಾರ ಇರಬೇಕು, ಆತುರಪಟ್ಟರೆ ಮತ್ತೆ ಏಳುತ್ತದೆ. ಮಧ್ಯಾಹ್ನ ಚೀಲ ಇಳಿಸಿ, "ಭಾವ, ಒಂದ್ಸಲ ನೋಡಿಬಿಡಿ, ಸರಿ ಇದೆಯಾ?" ಎಂದ.

ಬೆರಳಾಡಿಸಿದೆ. ಉದ್ದಕ್ಕೂ ನೀಟಾಗಿತ್ತು. ಎಡಮೂಲೆಯಲ್ಲಿ ಮಾತ್ರ ಅಂಚು ಒಂದು ಬೆಂಕಿಕಡ್ಡಿಯ ದಪ್ಪದಷ್ಟು ಎದ್ದಿತ್ತು. ಕಣ್ಣಿಗೆ ಕಾಣುವಂಥದ್ದಲ್ಲ. ಒಂದು ಮಾತು ಹೇಳಿದ್ದರೆ ಮತ್ತೆ ಕಾಯಿಸಿ ಒತ್ತುತ್ತಿದ್ದ.

ನಾನು ಹೇಳಲಿಲ್ಲ. ಈ ಅಂಚು ಗಾಜಿಗೆ ತಾಗುತ್ತದೆ, ಪ್ರತಿ ಹಳ್ಳದಲ್ಲೂ ಕಿರ್ ಕಿರ್ ಅನ್ನುತ್ತದೆ. ಮಾವನಿಗೆ ಕಾರಿನಲ್ಲಿ ಸದ್ದು ಬಂದರೆ ಮೈಯೆಲ್ಲ ಉರಿ. ಒಂದೇ ಒಂದು ಸಲ ಆ ಚಿಕ್ಕೋನನ್ನು ನಿಲ್ಲಿಸಿ ಬೈಯಲಿ, ನನ್ನ ಕಣ್ಣೆದುರಿಗೆ ಬೈಯಲಿ. ಅಷ್ಟೇ ನನ್ನ ಆಸೆ. ಎದ್ದ ಅಂಚು ನನ್ನ ಗಾಜನ್ನೇ ಅಡಿಯಿಂದ ಒತ್ತುತ್ತದೆ ಎಂಬುದು ಇಪ್ಪತ್ತೈದು ವರ್ಷ ಗಾಜು ಹೊತ್ತವನಿಗೆ ಹೊಳೆಯಬೇಕಿತ್ತು. ಹೊಟ್ಟೆಯ ಉರಿ ತಲೆಗೂ ಏರಿತ್ತೇನೋ.

"ಸರಿ ಇದೆ ಬಿಡೋ" ಎಂದೆ. ಅಂಟು ಬಳಿದು ಹೊಸ ಗಾಜು ಕೂರಿಸಿದೆ.

ಮಾರನೇ ದಿನ ಸುಡುಬಿಸಿಲಿನಲ್ಲಿ ಮಾವ ಬಂದರು. ಅಂಗಳದಲ್ಲಿ ನಿಂತಿದ್ದ ಕಾರಿಗೆ ಒಂದು ಸುತ್ತು ಬಂದರು. ಬಾಗಿಲು ತೆಗೆದು, "ಅಬ್ಬಾ, ಡ್ಯಾಶ್‌ಬೋರ್ಡು ಹೊಸದೇ ಹಾಕ್ದಂಗಿದೆ ಕಣೋ!" ಎಂದರು. ನಾನು ಹಲ್ಲು ಕಚ್ಚಿಕೊಂಡೆ. ಒಳಗೆ ಕೂತು ಬಾಗಿಲು ಎಳೆದುಕೊಂಡರು. ಟಪ್! ಎಡಮೂಲೆಯಿಂದ ಹೊರಟ ಬಿರುಕು ಅರ್ಧ ಗಾಜು ದಾಟಿ ನಿಂತಿತು.

ಮಾವ ಇಳಿದು ಬಂದು ಗಾಜನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಹೊಸ ಗಾಜಲ್ವಾ ಅಳಿಯಂದಿರೇ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಆ ಮರ್ಯಾದೆಗಿಂತ ಎರಡು ಏಟು ವಾಸಿ.

ಅಷ್ಟರಲ್ಲಿ ಷಡ್ಡಕ ಬಗ್ಗಿ ಮೂಲೆ ನೋಡಿದ. ಅವನಿಗೆ ಅರ್ಥವಾಯಿತು. "ಮಾವ, ಭಾವಂದೇನೂ ತಪ್ಪಿಲ್ಲ. ಅಂಚು ನಾನು ಸರಿಯಾಗಿ ಆರಿಸಿಲ್ಲ. ಅದೇ ಎದ್ದು ಗಾಜು ಒತ್ತಿದೆ. ತಪ್ಪು ನಂದು" ಎಂದುಬಿಟ್ಟ.

ಈಗ ಬೈಯುತ್ತಾರೆ ಎಂದು ಕಾದೆ. ಎಲ್ಲಿ ಬಂತು! ಮಾವನ ಕೈ ಮತ್ತೆ ಅದೇ ಹೆಗಲಿಗೆ ಹೋಯಿತು. "ತಪ್ಪು ಒಪ್ಕೊಳ್ಳೋಕೂ ಎದೆ ಬೇಕು ಕಣೋ. ಅದಕ್ಕೇ ನಿನ್ನ ಕಂಡ್ರೆ ನಂಗೆ ಇಷ್ಟ."

ಅಯ್ಯೋ, ನನಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು. ಒಳ್ಳೇ ಕೆಲಸಕ್ಕೂ ಅವನಿಗೇ ಹೆಸರು, ಕೆಟ್ಟ ಕೆಲಸಕ್ಕೂ ಅವನಿಗೇ ಹೆಸರು. ಅದೂ ನಾನು ಮಾಡಿದ ಕೆಟ್ಟ ಕೆಲಸಕ್ಕೆ! ಪ್ರಾಮಾಣಿಕತೆ ಉಕ್ಕಿ ಬಂದು ಬಾಯಿ ಬಿಟ್ಟೆ ಎಂದು ಯಾರೂ ತಿಳಿಯಬೇಡಿ. ಆ ಹೊಗಳಿಕೆ ಅವನಿಗೆ ದಕ್ಕಬಾರದು, ಅಷ್ಟೇ.

"ಅವನದಲ್ಲ ಮಾವ, ತಪ್ಪು ನಂದು! ಗಾಜು ಇಡೋಕೆ ಮುಂಚೆ ಅವನು ನನ್ನ ಕೇಳಿದ್ದ. ನಾನೇ ಸರಿ ಇದೆ ಅಂದೆ. ಎದ್ದಿದೆ ಅಂತ ನಂಗೆ ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ಹಾಗಂದ್ರಿ?"

ಹೊಟ್ಟೆಕಿಚ್ಚಿಗೆ ಎನ್ನಬೇಕಿತ್ತು. ನಾಲಿಗೆ ತುದಿಯ ತನಕ ಬಂದ ಮಾತು ಅಲ್ಲೇ ಕೂತುಬಿಟ್ಟಿತು.

ಮಾವ ಗಹಗಹಿಸಿ ನಕ್ಕರು. "ಸಾಕು ಬಿಡಿ, ನಲವತ್ತು ವರ್ಷದಲ್ಲಿ ಎಷ್ಟು ಜನರ ಸುಳ್ಳು ಕೇಳಿಲ್ಲ ನಾನು! ಚಿಕ್ಕೋನಿಗೆ ಕೆಟ್ಟ ಹೆಸರು ಬರಬಾರ್ದು ಅಂತ ನೀವು ಮೈಮೇಲೆ ಹಾಕ್ಕೊಳ್ತಿದೀರಿ." ಹತ್ತಿರ ಬಂದರು. ಹದಿನಾಲ್ಕು ವರ್ಷ ನಾನು ಕಾದಿದ್ದ ಆ ಕೈ ನನ್ನ ಹೆಗಲ ಮೇಲೆ ಬಿತ್ತು. "ಭೇಷ್! ಎಂಥಾ ದೊಡ್ಡ ಮನಸ್ಸು ನಿಮ್ದು. ಇಷ್ಟು ದಿನ ನಾನೇ ತಿಳ್ಕೊಳ್ಲಿಲ್ಲ ನೋಡಿ."

ಇಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ಕೈ ಬೆಚ್ಚಗಿತ್ತು, ಸುಮ್ಮನೆ ನಿಂತೆ. "ನಿಧಾನಕ್ಕೆ ಮಾಡಿ, ಏನೂ ಅವಸರ ಇಲ್ಲ" ಎಂದು ಮಾವ ಹೊರಟರು.

ಇಬ್ಬರೇ ಉಳಿದಾಗ ಷಡ್ಡಕ ಹತ್ತಿರ ಬಂದ. ಮುಖದಲ್ಲಿ ಕೋಪವಿರಲಿಲ್ಲ. "ಮಾವ ಅಂದಿದ್ದು, ನೀವು ಗೊತ್ತಿತ್ತು ಅಂದಿದ್ದು, ಎರಡೂ ಬಿಡಿ ಭಾವ. ನಿನ್ನೆ ನಿಮ್ಮ ಬೆರಳಿಗೆ ಅದು ಸಿಗ್ಲಿಲ್ಲ, ಅಲ್ವಾ? ಯಾರಿಗಾದ್ರೂ ಒಂದ್ಸಲ ತಪ್ಪತ್ತೆ. ನಿಮ್ಮ ಬೆರಳು ಸರಿ ಅಂದ್ಮೇಲೆ ನಾನಂತೂ ಇನ್ನೊಂದ್ಸಲ ನೋಡಲ್ಲ."

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹದಿನಾಲ್ಕು ವರ್ಷ ಯಾರಿಂದ ಬೇಕು ಎಂದು ಒದ್ದಾಡಿದೆನೋ ಅವರಿಂದ ಬಾರದ, ನನ್ನ ಕೆಲಸ ಮೆಚ್ಚುವ ಮಾತು ಇವನ ಬಾಯಲ್ಲಿ ಸಲೀಸಾಗಿ ಬಂದಿತ್ತು. ಇವನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಸಿಕ್ಕಿತ್ತು ಕಣೋ."

"ಸಿಕ್ಕಿತ್ತಾ?"

"ಹೂಂ. ಮಾವ ನಿನ್ನ ಬೈಲಿ ಅಂತ ಸುಮ್ಮನಿದ್ದೆ."

ಅವನು ಕಾರಿನ ಕಡೆ ತಿರುಗಿದ. ಒಡೆದ ಗಾಜು ಬಿಚ್ಚಲು ಆ ಬದಿಯಿಂದ ಕೈ ಕೊಟ್ಟ. ಮೂಲೆ ಕಾಯಿಸಿ, ಹಲಗೆ ಇಟ್ಟು, ಚೀಲ ಹೇರಿ, ಅಲ್ಲೇ ನೆಲದ ಮೇಲೆ ಕೂತ. ಊಟಕ್ಕೂ ಏಳಲಿಲ್ಲ. ನಾಲ್ಕು ಗಂಟೆಗೆ ಚೀಲ ಇಳಿಸಿ, ಪೆಟ್ಟಿಗೆಯಿಂದ ಸ್ಟೀಲ್ ಸ್ಕೇಲು ತೆಗೆದು, ಒಂದು ಕಣ್ಣು ಮುಚ್ಚಿ ಅಂಚಿನ ಉದ್ದಕ್ಕೂ ಇಟ್ಟು ನೋಡಿದ. ಮತ್ತೆ ನೋಡಿದ. ನಾನು ಇನ್ನೊಂದು ಹೊಸ ಗಾಜು ತಂದಿಟ್ಟು, ಕೈ ಒರೆಸಿಕೊಂಡು ಪಕ್ಕದಲ್ಲೇ ನಿಂತಿದ್ದೆ.

"ನಾನೊಂದ್ಸಲ ನೋಡ್ಲೇನೋ?" ಎಂದೆ.

"ಬೇಡಿ ಭಾವ, ನಾನು ನೋಡ್ಕೊಂಡೆ. ನೀವು ಗಾಜು ಇಡಿ" ಎಂದ.