ಹಿಡಿಯ ಸಂದಿನ ಅಗುಳು

ಎಡಗಡೆ ಮಾತ್ರ, ಅದೇ ವಿಚಿತ್ರ, ಬಲಗಡೆಯ ನೀಲಿ ಲೇಪ ಇನ್ನೂ ಮಳೆಗೆ ಮುಂಚಿನ ಮೋಡದ ಹಾಗೆ ಹೊಳೆಯುತ್ತಿದೆ, ಎಡಗಡೆ ತಿರುಗಿಸಿದರೆ ಬೆಕ್ಕು ಪರಚಿದಂತೆ ಗೀರಿನ ಮೇಲೆ ಗೀರು, ಎಲ್ಲವೂ ಬಾಗಿದ ಗೀರುಗಳು, ಅರ್ಧಚಂದ್ರದಂಥವು, ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವವರ ರಿವಾಲ್ವರಿಗೆ ಹೀಗಾಗುವುದಿಲ್ಲ, ಅವರದ್ದರಲ್ಲಿ ನಳಿಗೆಯ ಮೂತಿ ಸವೆಯುತ್ತದೆ, ಇದು ಒಂದೇ ಮಗ್ಗುಲಲ್ಲಿ ಮಲಗಿ ಮಲಗಿ ಆದ ಗಾಯ, ಹಾಸಿಗೆ ಹಿಡಿದವರ ಬೆನ್ನಿನ ಹಾಗೆ – ದೀಪವನ್ನು ಇನ್ನಷ್ಟು ಕೆಳಕ್ಕೆಳೆದು ಉರುಳೆ ತೆರೆಯುತ್ತೇನೆ, ಆರೂ ತೂತುಗಳಲ್ಲಿ ಬೆಳಕು, ಖಾಲಿ, ಬಂದ ಕೂಡಲೇ ನೋಡಿದ್ದೆ, ಆಮೇಲೂ ನೋಡಿದ್ದೆ, ಖಾಲಿ ಇದೆ ಮತ್ತು ಇಲ್ಲಿದೆ, ನನ್ನ ಮೇಜಿನ ಮೇಲೆ, ಹಳೇ ಬನಿಯನ್ ಬಟ್ಟೆಯ ಮೇಲೆ, ಇಲ್ಲಿರುವಷ್ಟು ಹೊತ್ತು ಅಲ್ಲಿರುವುದಿಲ್ಲ, ಇಷ್ಟೇ ವಿಷಯ, ಮೊನ್ನೆಯಿಂದ ಇದನ್ನೇ ಮಗ್ಗಿಯ ಹಾಗೆ ಒಪ್ಪಿಸಿಕೊಳ್ಳುತ್ತಿದ್ದೇನೆ, ಎದೆಯ ಮೇಲಿದ್ದ ಬೀಸುವ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಿದೆ. ತಂಗಿಯ ಗಂಡ ತಾನೇ ತಂದುಕೊಟ್ಟದ್ದು, ಇಸ್ತ್ರಿ ಮಾಡಿದ ಕರವಸ್ತ್ರದಲ್ಲಿ ಸುತ್ತಿ, ಅತ್ತಿಗೆ, ನಿಮ್ಮ ಕೈಗುಣ ಇದಕ್ಕೂ ಒಂದ್ಸಲ ತಾಗಲಿ, ಗೀರು ಬಿದ್ದು ನೋಡೋಕಾಗ್ತಿಲ್ಲ, ಹೊಸದರ ಥರ ಕಾಣ್ಬೇಕು, ಅಣ್ಣ ಗಲ್ಲಾದಿಂದಲೇ, ಏನ್ ಭಾವ, ನಾನೇ ನಿಮಗೆ ಸೆಕೆಂಡ್‌ಹ್ಯಾಂಡ್ ಅಂತ ಮಾರಿದ್ದು, ಈಗ ಮುದುಕೀನ ಮದುಮಗಳು ಮಾಡಿ ಅಂದ್ರೆ ಹೇಗೆ, ಅಂದ, ಇಬ್ಬರೂ ನಕ್ಕರು, ನಾನೂ ನಕ್ಕೆ, ನಗದಿದ್ದರೆ ಅವರು ನನ್ನ ಮುಖ ನೋಡುತ್ತಿದ್ದರು.

ಈ ಹಿಂದಿನ ಕೋಣೆ ಅಪ್ಪ ಕೊಟ್ಟದ್ದು, ಅಣ್ಣನಿಗೆ ಮುಂದಿನ ಬಂದೂಕಿನ ಅಂಗಡಿ, ಬಾಯಿದ್ದವನಿಗೆ ಗಲ್ಲಾ, ಕಣ್ಣಿದ್ದವಳಿಗೆ ಅರ, ಅನ್ನುತ್ತಿದ್ದರು ಅಪ್ಪ, ಗೀರು ತೆಗೆಯೋವಾಗ ಕೆತ್ತಿದ ಅಕ್ಷರ ಅಳಿಸಬೇಡ ಮಗಳೇ, ಅಂಚು ಉರುಟು ಮಾಡಬೇಡ, ಉಜ್ಜಿದವರ ಕೈ ಕಾಣಬಾರದು, ವಸ್ತು ಕಾಣಬೇಕು – ಮೊದಲು ಹಿಡಿ, ಅದು ಸುಲಭ, ಹಿಡಿಯ ಮರದಲ್ಲಿ ಒಂದು ತಗ್ಗು, ಮೇಜಿಗೆ ಕುಟ್ಟಿ ಆದದ್ದು, ಅದರ ಮೇಲೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆಯ ತುದಿ ತಾಗಿಸಿದರೆ ಚುಸ್ ಎಂದು ಹಬೆ ಏಳುತ್ತದೆ, ಕುಗ್ಗಿದ ಮರ ಉಬ್ಬಿ ತನ್ನ ಜಾಗಕ್ಕೆ ತಾನೇ ಬರುತ್ತದೆ, ಎಷ್ಟು ಸಲ ಮಾಡಿದರೂ ಇದೊಂದು ನನಗೆ ಆಶ್ಚರ್ಯವೇ, ತುಂಡಾಗದಿದ್ದರೆ ಸಾಕು, ಬರೀ ಕುಗ್ಗಿದ್ದು ಮೇಲೆ ಬರುತ್ತದೆ, ಪುಟ್ಟಿಯ ದನಿಯೂ ಹಾಗೇ ಬಂತಲ್ಲ ನಿನ್ನೆ ಫೋನಿನಲ್ಲಿ, ಎಷ್ಟೋ ವರ್ಷದ ಮೇಲೆ ನನ್ನ ತಂಗಿಯ ಹಳೇ ದನಿ, ಅಕ್ಕಾ ಕೇಳು, ಸಾರಿಗೆ ಉಪ್ಪು ಜಾಸ್ತಿ ಆಗಿತ್ತು, ಅವರ ಎಡಗೈ ತಟ್ಟೆ ಪಕ್ಕ ತಡಕಾಡ್ತು, ಏನೂ ಸಿಗಲಿಲ್ಲ, ಕೊನೆಗೆ ಚಮಚ ತಿರುಗಿಸಿದ್ರು, ಚಮಚ ತಿರುಗುತ್ತಾ, ಕೆಳಗೆ ಬಿತ್ತು, ನನಗೆ ನಗು ಬಂದುಬಿಡ್ತು, ಕೆಮ್ಮಿದ ಹಾಗೆ ಮಾಡಿದೆ, ಆಮೇಲೆ ಏನಾಯ್ತು ಗೊತ್ತಾ, ಇನ್ನೊಂದ್ಸಲ ಅನ್ನ ಹಾಕ್ಕೊಂಡೆ, ಹೊಟ್ಟೆ ತುಂಬಾ ಉಂಡೆ ಅಕ್ಕ, ಮಲಗಿದ ಕೂಡ್ಲೇ ನಿದ್ದೆ. ಫೋನ್ ಇಡುವ ಮುಂಚೆ, ನೀನು ಬೇಗ ಮುಗಿಸ್ಬೇಡ, ಅಂದಳು.

ಬೇಗ ಮುಗಿಸಬೇಡ ಅಂದರೆ ಎಷ್ಟು ದಿನ, ಅವಳ ಗಂಡ ಇವತ್ತು ಸಂಜೆ ಬರುತ್ತೇನೆ ಅಂದಿದ್ದಾರೆ, ಬಂದು ಕರವಸ್ತ್ರ ಬಿಚ್ಚುತ್ತಾರೆ – ಆ ಮೇಜು ನನಗೆ ಗೊತ್ತು, ಕಪ್ಪು ಕಲ್ಲಿನ ಊಟದ ಮೇಜು, ಎದುರುಬದುರು ಕುರ್ಚಿ, ತಟ್ಟೆಯ ಪಕ್ಕ ನೀರಿನ ಲೋಟ ಇಡುವ ಜಾಗದಲ್ಲಿ ಇದು, ಮಾತಾಡುತ್ತಾ ಒಂದು ಬೆರಳಿನಿಂದ ತಿರುಗಿಸುವುದು, ಹಾಲು ಯಾಕೆ ಉಕ್ಕಿತು, ಒಂದು ಸುತ್ತು, ಫೋನಲ್ಲಿ ಅಷ್ಟು ಹೊತ್ತು ಯಾರು, ಒಂದು ಸುತ್ತು, ಕಲ್ಲಿನ ಮೇಲೆ ಉಕ್ಕಿನ ಕಿರ್ರ್, ನಿಲ್ಲುವಾಗ ಮೂತಿ ಪುಟ್ಟಿಯ ಕಡೆಗೆ, ಯಾವಾಗಲೂ ಪುಟ್ಟಿಯ ಕಡೆಗೇ, ಅವಳು ಬಡಿಸುತ್ತಿರುತ್ತಾಳೆ, ಅರ್ಧಚಂದ್ರಗಳು ಎಲ್ಲಿಂದ ಬಂದವು ಎಂದು ಬೇರೆ ಕೇಳಬೇಕೇ. ಒಂದು ದಿನ ನಾನೂ ಆ ಮೇಜಿಗೇ ಊಟಕ್ಕೆ ಕೂತಿದ್ದೆ, ನಾನು ಮುಖ ಎತ್ತಿದ್ದಕ್ಕೆ, ಯಾಕತ್ತಿಗೆ ಹಾಗೆ ನೋಡ್ತೀರಿ, ನಾನು ಕೈ ಎತ್ತಿದ್ದೀನಾ, ದನಿ ಎತ್ತಿದ್ದೀನಾ, ನಿಮ್ಮ ತಂಗೀನೇ ಕೇಳಿ, ಪುಟ್ಟಿ ಇಲ್ಲ ಎಂದು ತಲೆ ಅಲ್ಲಾಡಿಸಿದಳು, ನಿಜವೇ, ಒಂದು ಏಟಿಲ್ಲ, ಒಂದು ಬೈಗುಳವಿಲ್ಲ, ನೆಂಟರಿಷ್ಟರೆಲ್ಲ ಚಿನ್ನದಂಥ ಮನುಷ್ಯ ಅನ್ನುತ್ತಾರೆ, ಅಣ್ಣನಿಗೆ ಹೇಳಿದರೆ, ಖಾಲಿ ಇರುತ್ತಲ್ಲಮ್ಮ, ಖಾಲಿ ಕೊಡಕ್ಕೆ ಸದ್ದು ಜಾಸ್ತಿ, ಬಿಡು, ಅಂದ. ಬಿಟ್ಟು ಬಾ ಅಂದರೆ ಅವಳು ಬರುವುದಿಲ್ಲ, ಎಲ್ಲಿಗೇಂತ ಬರ್ಲಿ ಅಕ್ಕ, ಅದೊಂದಿಲ್ಲದೆ ಹೋದ್ರೆ ಅವರೂ ಎಲ್ಲರ ಹಾಗೆ ಒಬ್ಬ ಗಂಡಸು, ಅವರ ಜೊತೆ ಬಾಳೋಕೆ ನನಗೆ ಬರುತ್ತೆ, ಅದರ ಜೊತೆ ಬರಲ್ಲ.

ಹಿಡಿಯ ಮರ ಬಿಚ್ಚಿದೆ, ಮರಕ್ಕೂ ಉಕ್ಕಿಗೂ ನಡುವಿನ ಸಂದಿನಲ್ಲಿ ಏನೋ ಬಿಳಿ, ಎಣ್ಣೆ ಗಟ್ಟಿಯಾದದ್ದು ಅಂದುಕೊಂಡೆ, ಗುಂಡುಸೂಜಿಯಿಂದ ಎಬ್ಬಿಸಿದರೆ ಟಿಕ್ ಎಂದು ಬಟ್ಟೆಯ ಮೇಲೆ ಬಿತ್ತು – ಅಗುಳು, ಒಂದು ಅನ್ನದ ಅಗುಳು, ಒಣಗಿ ಗಾಜಿನ ಚೂರಿನಂತಾಗಿದೆ, ಮೂತಿ ತನ್ನ ಕಡೆ ತಿರುಗಿ ನಿಂತಾಗ ಅವಳ ಸೌಟಿನಿಂದ ಬಿದ್ದದ್ದು, ಇನ್ಯಾವಾಗ ಬೀಳುತ್ತದೆ, ಅಮ್ಮ ಹೇಳುತ್ತಿದ್ದಳು, ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಚುಕಿದ್ರೆ ಸಾಕು, ಪಾತ್ರೆಗೆಲ್ಲ ಕೈ ಹಾಕ್ಬೇಡ, ನಾನು ಹಿಚುಕಿ ನೋಡಿದೆ, ಬೆರಳಿಗೆ ಚುಚ್ಚಿತು, ಒಂದು ಅಗುಳು, ಅಷ್ಟು ವರ್ಷದ ಊಟ.

ಏನಮ್ಮಾ, ಮದುಮಗಳ ಅಲಂಕಾರ ಎಲ್ಲಿಗೆ ಬಂತು, ಅಣ್ಣ ಮುಂದಿನಿಂದ ಕೂಗುತ್ತಿದ್ದಾನೆ, ಭಾವ ಫೋನ್ ಮಾಡಿದ್ರು, ಆರು ಗಂಟೆಗೆ ಬರ್ತಾರಂತೆ – ಆಗ್ತಾ ಇದೆ ಅಣ್ಣ, ಅನ್ನುತ್ತೇನೆ, ನಳಿಗೆ ಚೌಕಟ್ಟಿಗೆ ಸೇರುವ ಕಡೆ, ಅಡಿಯಲ್ಲಿ, ಕೂದಲೆಳೆಯಂಥ ಒಂದು ಗೆರೆ, ಇಷ್ಟು ಹೊತ್ತು ಕಾಣಲಿಲ್ಲವಲ್ಲ, ಗೀರೋ ಬಿರುಕೋ, ಗೀರಾದರೆ ಉಪ್ಪುಕಾಗದಕ್ಕೆ ಹೋಗುತ್ತದೆ, ಬಿರುಕಾದರೆ ಹೋಗುವುದಿಲ್ಲ, ಬಿರುಕು ಬಿಟ್ಟದ್ದು ಈ ಅಂಗಡಿಯ ಹೊಸ್ತಿಲು ದಾಟಬಾರದು, ಸಿಡಿದರೆ ಹಿಡಿದವನ ಕೈಯೇ ಹೋಗುತ್ತೆ ಅಂತ ಅಪ್ಪನ ಕಟ್ಟಪ್ಪಣೆ, ಗರಗಸ ಹಾಕಿ ಎರಡು ತುಂಡು ಮಾಡಿ ಕೊಡುವುದು, ಅಣ್ಣ ಎರಡನೇ ಸಲ ನೋಡುವುದೂ ಇಲ್ಲ, ನೀನು ಬಿರುಕು ಅಂದ್ರೆ ಬಿರುಕು, ಅಷ್ಟೇ, ಮತ್ತೆ ಇದು ಹೋದರೆ ಇನ್ನೊಂದು ಕೊಳ್ಳಲು ಪುಟ್ಟಿಯ ಗಂಡನ ವಯಸ್ಸಿಗೆ ಹೊಸ ಪರವಾನಗಿ ಕೊಡುವುದಿಲ್ಲ, ಇದ್ದದ್ದನ್ನೇ ಜೋಪಾನ ಮಾಡಿ ಅಂತ ಕಚೇರಿಯಲ್ಲಿ ಹೇಳಿ ಕಳಿಸಿದ್ದಾರಂತೆ, ಅದಕ್ಕೇ ಇಷ್ಟು ಅಕ್ಕರೆ – ಎಣ್ಣೆ ಸವರುತ್ತೇನೆ, ಕಾಯುತ್ತೇನೆ, ಒರೆಸಿ ಸೀಮೆಸುಣ್ಣದ ಪುಡಿ ಉದುರಿಸುತ್ತೇನೆ, ಬಿರುಕಿದ್ದರೆ ಒಳಗೆ ಕುಡಿದ ಎಣ್ಣೆ ಪುಡಿಗೆ ಒಸರಿ ಕಪ್ಪಗೆ ಗೆರೆ ಏಳುತ್ತದೆ, ಏಳು, ಏಳು ಎಂದು ನೋಡುತ್ತಿದ್ದೇನೆ, ನಲವತ್ತು ದಾಟಿದ ಹೆಂಗಸು ಒಂದು ಕಬ್ಬಿಣವನ್ನು ಹೀಗೆ ಬೇಡಿಕೊಳ್ಳುವುದುಂಟೇ, ಗೋಡೆಯ ಫ್ಯಾನು ತಲೆ ತಿರುಗಿಸಿದಾಗೆಲ್ಲ ಪುಡಿ ಹಾರದ ಹಾಗೆ ಅಂಗೈ ಅಡ್ಡ ಹಿಡಿದಿದ್ದೇನೆ, ಏಳಲಿಲ್ಲ. ಪುಡಿ ಹಾಗೇ ಬೆಳ್ಳಗಿದೆ. ಬರೀ ಗೀರು. ಗಟ್ಟಿಮುಟ್ಟಾದ ವಸ್ತು, ಇನ್ನೊಂದು ತಲೆಮಾರು ಬಾಳುತ್ತದೆ, ಪುಟ್ಟಿಗಿಂತ ಹೆಚ್ಚು ಕಾಲ ಬಾಳುತ್ತದೆ.

ನನ್ನ ಕಣ್ಣು ಈವರೆಗೆ ಸುಳ್ಳು ಹೇಳಿಲ್ಲ, ಹೇಳದಿರುವುದಕ್ಕೇ ಅದಕ್ಕೊಂದು ಬೆಲೆ, ಆ ಬೆಲೆಯನ್ನು ಕೂಡಿಟ್ಟು ಏನು ಮಾಡಬೇಕು ಎಂದು ಅಪ್ಪ ಹೇಳಿರಲಿಲ್ಲ – ಗುಂಡುಸೂಜಿಯ ತುದಿ ಎಣ್ಣೆಯಲ್ಲಿ ಅದ್ದುತ್ತೇನೆ, ಬಿಳಿಯ ಮೇಲೆ, ಗೀರಿನ ಗುಂಟ, ಹಗುರವಾಗಿ, ನಿನ್ನ ಕೈ ಹಗುರ ಮಗಳೇ, ಕಪ್ಪಗೆ ಗೆರೆ ಏಳುತ್ತದೆ, ಉಜ್ಜಿದವರ ಕೈ ಕಾಣುವುದಿಲ್ಲ, ಉಸಿರು ಹೊಟ್ಟೆಯ ತಳದವರೆಗೆ ಇಳಿದು ಮೇಲೆ ಬರುತ್ತದೆ, ಎಷ್ಟು ಸಲೀಸು, ಅಣ್ಣನಿಗೆ ಬಿರುಕು ಅನ್ನುತ್ತೇನೆ, ಅವರಿಗೆ ಪಾಪ ಎಷ್ಟು ಚೆನ್ನಾಗಿತ್ತು ಅನ್ನುತ್ತೇನೆ, ಪುಟ್ಟಿಗೂ ಬಿರುಕು ಅಂತಲೇ ಹೇಳುವುದು, ಅವಳು ತಟ್ಟೆಯ ಮುಂದೆ ಯಾವ ಗುಟ್ಟನ್ನೂ ಹೊತ್ತು ಕೂರಬಾರದು, ಹಸಿವಷ್ಟೇ ಹೊತ್ತು ಕೂರಬೇಕು, ಆಯ್ತೇನಮ್ಮಾ ಅಂತ ಅಣ್ಣ, ಬಾ ಅಣ್ಣ, ಇಲ್ಲೊಂಚೂರು ನೋಡ್ಬೇಕಿತ್ತು, ಕುರ್ಚಿ ಸರಿದ ಸದ್ದು, ಚಪ್ಪಲಿಯ ಸದ್ದು, ಸೂಜಿ ಒರೆಸಿಟ್ಟೆ, ಗರಗಸ ಗೋಡೆಯ ಮೇಲಿದೆ, ಬಟ್ಟೆಯ ಮೇಲೆ ಆ ಅಗುಳು, ಅದನ್ನು ಎಲ್ಲಿಡಲಿ, ಎಸೆಯಲು ಕೈ ಬರುವುದಿಲ್ಲ, ಅಷ್ಟು ಬೆಳ್ಳಗೆ, ಅಷ್ಟು ಗಟ್ಟಿಯಾಗಿ, ಒಂದು ಅಗುಳು.