ಎರಡು ಚೀಲ ಕೊಸರು

ಹ್ಯಾಂಬರ್ಗ್ ಬಂದರಿನ ಸುಂಕದ ಕಚೇರಿಯಿಂದ ಫೋನ್ ಬಂತು. "ನಿಮ್ಮ ಕಂಟೇನರಿನಲ್ಲಿ ಲೆಕ್ಕಕ್ಕಿಲ್ಲದ ಎರಡು ಚೀಲ ಸಿಕ್ಕಿವೆ, ಕೂಡಲೇ ಬನ್ನಿ" ಎಂದಷ್ಟೇ ಹೇಳಿ ಇಟ್ಟರು. ಅಮೂಲ್ಯಾಳಿಗೆ ಕೋಪ ನೆತ್ತಿಗೇರಿತು. ಬ್ಯಾಡಗಿಯಲ್ಲಿ ಕೂತು ಆ ಕಂಟೇನರ್ ತುಂಬಿಸಿದ್ದು ಅವಳ ಸ್ವಂತ ಕಾಕಾ ಚನ್ನಮಲ್ಲಪ್ಪ. ಚೀಲ ಕಡಿಮೆ ಬಿದ್ದಿದ್ದರೆ ಎಣಿಕೆ ತಪ್ಪಿರಬಹುದು ಎನ್ನಬಹುದಿತ್ತು. ಮೂವತ್ತು ವರ್ಷ ದಲಾಲಿ ಅಂಗಡಿ ನಡೆಸಿದ ಮನುಷ್ಯ ಹೆಚ್ಚಿಗೆ ಹಾಕಿ ಕಳಿಸಿದ್ದಾನೆ ಎಂದರೆ ಅದು ಬೇಕೆಂದೇ ಮಾಡಿದ ಕೆಲಸ.

ಅಮೂಲ್ಯಾ ಕಲೋನಿನಲ್ಲಿ ಸಾಫ್ಟ್‌ವೇರ್ ಕಂಪೆನಿಯೊಂದರಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದವಳು. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಈ ದೇಶದ ಸಾಸೇಜು, ಸೂಪುಗಳಿಗೆಲ್ಲ ಬೇಕು, ಆದರೆ ಅದು ಐದಾರು ಕೈ ದಾಟಿ ಬರುತ್ತದೆ ಎಂದು ತಿಳಿದ ದಿನದಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ನಡುವಿನ ಕೈಗಳನ್ನೆಲ್ಲ ಬಿಟ್ಟು ನಾನೇ ತರುತ್ತೇನೆ ಎಂದು ಕೆಲಸ ಬಿಟ್ಟು ಹ್ಯಾಂಬರ್ಗಿಗೆ ಬಂದಳು. ಗೆಳತಿಯರು ತಲೆ ಕೆಟ್ಟಿದೆಯಾ ಅಂದರು. ಒಂದೂವರೆ ವರ್ಷ ಅಲೆದ ಮೇಲೆ ಥಾಮ್ಸೆನ್ ಎಂಬ ಹಳೆಯ ಮಸಾಲೆ ಮನೆತನ ಒಂದು ಕಂಟೇನರ್ ಕೊಳ್ಳಲು ಒಪ್ಪಿತ್ತು. ಇದು ಸರಿಹೋದರೆ ವರ್ಷದ ಕರಾರು. ಕೆಟ್ಟರೆ ಅವಳು ಕಲೋನಿನ ಹಳೆಯ ಮ್ಯಾನೇಜರನ ಮುಂದೆ ಹೋಗಿ ನಿಲ್ಲಬೇಕು. ಆ ಮನುಷ್ಯನ ನಗುಮುಖ ನೆನೆದರೇ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಹ್ಯಾಂಬರ್ಗಿನಲ್ಲಿ ಲೆಕ್ಕಕ್ಕಿಲ್ಲದ ಚೀಲ ಅಂದರೆ ಹುಡುಗಾಟವಲ್ಲ. ಬಾಳೆಹಣ್ಣಿನ ಪೆಟ್ಟಿಗೆಗಳ ನಡುವೆ, ಕಾಫಿ ಮೂಟೆಗಳ ಹಿಂದೆ ಕೊಕೇನ್ ಬಚ್ಚಿಟ್ಟು ತರುವ ಬಂದರು ಅದು. ಅವಳು ಹೋಗುವಷ್ಟರಲ್ಲಿ ಸುಂಕದವರು ನಾಯಿಯನ್ನು ಕರೆಸಿ ಮೂಸಿಸಿ ಆಗಿತ್ತು. ಮೆಣಸಿನಕಾಯಿ ಚೀಲಕ್ಕೆ ಮೂಗಿಟ್ಟ ಆ ಬಡಪಾಯಿ ಮೂಲೆಯಲ್ಲಿ ನಿಂತು ಒಂದೇ ಸಮನೆ ಸೀನುತ್ತಿತ್ತು. ಅದರ ಯಜಮಾನ ಅಮೂಲ್ಯಾಳನ್ನು ಕೊಲೆಗಡುಕಿಯನ್ನು ನೋಡುವಂತೆ ನೋಡಿದ.

ಬ್ರಾಂಟ್ ಎಂಬ ಅಧಿಕಾರಿ ಎರಡು ಚೀಲಗಳನ್ನು ತೋರಿಸಿದ. ಬಾಯಿ ಬಿಚ್ಚಿದ್ದ ಚೀಲಗಳಿಂದ ಮೆಣಸಿನಕಾಯಿ ಬಿಟ್ಟು ಬೇರೇನೂ ಹೊರಬಂದಿರಲಿಲ್ಲ. ಎರಡೂ ಚೀಲದ ಮೇಲೆ ಅರಿಸಿನ, ಕುಂಕುಮ. ಅದನ್ನು ನೋಡಿದ ಕೂಡಲೇ ಅಮೂಲ್ಯಾಳಿಗೆ ಇದು ಕಾಕಾನ ಕೈಕೆಲಸವೇ ಎಂದು ಖಚಿತವಾಯಿತು. ಒಂದು ನಿಮಿಷ ಕೇಳಿಕೊಂಡು ಹೊರಗೆ ಬಂದು ಕಾಕಾನಿಗೆ ಫೋನ್ ಹಚ್ಚಿದಳು.

"ಕಾಕಾ, ಇನ್‌ವಾಯ್ಸ್‌ದಾಗ ಇರಲಾರದ ಎರಡು ಚೀಲ ಯಾಕ ಹಾಕಿದಿ?"

"ಮುಟ್ಟಿದುವೇನವಾ? ಚೊಲೋ ಆತು," ಚನ್ನಮಲ್ಲಪ್ಪನ ದನಿಯಲ್ಲಿ ಸಂತೋಷ. "ಕೊಸರು ಅದು."

"ಕೊಸರಾ?"

"ಮತ್ತ? ನಿಮ್ಮಜ್ಜನ ಕಾಲದಿಂದ ನಮ್ಮ ಅಂಗಡ್ಯಾಗ ಕೊಸರ ಹಾಕಲಾರದ ತೂಕ ಎದ್ದಿಲ್ಲ. ಮೊದಲನೇ ವ್ಯಾಪಾರ, ಅದೂ ಸಮುದ್ರ ದಾಟಿ ಹೊಂಟೈತಿ. ಬರೋಬ್ಬರಿ ತೂಗಿ ಕಳಿಸಿಬಿಟ್ರ ಮಾಲು ತಗೊಳ್ಳೂ ಆ ಹೆಣ್ಮಗಳು ಏನ ತಿಳ್ಕೊಂಡಾಳು ನಮ್ಮನ್ನ?"

"ಇಲ್ಲಿ ಸುಂಕದವರು ಕಂಟೇನರ್ ಹೋಲ್ಡ್ ಮಾಡ್ಯಾರ ಕಾಕಾ. ಕಳ್ಳಸಾಗಣಿ ಅಂತ ಹಿಡದಾರ."

"ಕಡಿಮಿ ಹಾಕಿದ್ರ ಹಿಡೀಲಿ," ಎಂದ ಕಾಕಾ, ನಿಜಕ್ಕೂ ತಬ್ಬಿಬ್ಬಾಗಿ. "ಹೆಚ್ಚಿಗಿ ಕೊಟ್ರ ಹಿಡಿಯೂ ಸರ್ಕಾರ ಎಲ್ಲೈತಿ?"

ಅವಳು ಫೋನಿಟ್ಟಳು. ಇನ್ನೊಂದು ಮಾತಾಡಿದ್ದರೆ ಹಿರಿಯರು ಕಿರಿಯರು ಎನ್ನುವುದು ಮರೆತುಹೋಗುತ್ತಿತ್ತು.

ಒಳಗೆ ಬ್ರಾಂಟ್ ಅವಳಿಗೊಂದು ದಾರಿ ತೋರಿಸಿದ. ಕೆಟ್ಟ ಮನುಷ್ಯನಲ್ಲ ಅವನು. "ಈ ಚೀಲಗಳು ನನ್ನವಲ್ಲ, ನನಗೆ ತಿಳಿಯದಂತೆ ಕಳುಹಿಸಿದವನು ತುರುಕಿದ್ದಾನೆ ಎಂದು ಹೇಳಿಕೆ ಕೊಡಿ. ಎರಡನ್ನೂ ಸುಟ್ಟುಹಾಕುತ್ತೇವೆ. ಮಿಕ್ಕ ಸರಕು ನಾಳೆಯೇ ನಿಮ್ಮದು."

"ಕಳುಹಿಸಿದವರಿಗೆ ಏನಾಗುತ್ತದೆ?"

"ಅವರ ಹೆಸರು ಅನುಮಾನದ ಪಟ್ಟಿಗೆ ಹೋಗುತ್ತದೆ. ಮುಂದೆ ಅವರು ಯಾರಿಗೆ ಏನು ಕಳುಹಿಸಿದರೂ ಬಿಚ್ಚಿ ನೋಡುತ್ತೇವೆ."

"ನನ್ನವೇ ಎಂದರೆ?"

"ದಂಡ. ಚೀಲಗಳ ಲ್ಯಾಬ್ ಪರೀಕ್ಷೆ. ಅದು ಮುಗಿಯುವವರೆಗೆ ಇಡೀ ಕಂಟೇನರ್ ಇಲ್ಲಿಯೇ."

ಅವನು ಹೇಳಿಕೊಟ್ಟದ್ದರಲ್ಲಿ ಅರ್ಧ ನಿಜವೇ ಇತ್ತಲ್ಲ, ಅದೇ ಅವಳನ್ನು ಕಾಡಿದ್ದು. ಅವಳಿಗೆ ತಿಳಿದಿರಲಿಲ್ಲ, ಕಳುಹಿಸಿದವನೇ ತುರುಕಿದ್ದ. ಸಹಿ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಬ್ಯಾಡಗಿಯ ಪೇಟೆಯಲ್ಲಿ ಚನ್ನಮಲ್ಲಪ್ಪನ ಅಂಗಡಿಯ ತೂಕದ ಮೇಲೆ ಇದುವರೆಗೆ ಯಾರೂ ಬೆರಳು ತೋರಿಸಿರಲಿಲ್ಲ. ಹೆಚ್ಚಿಗೆ ಕೊಟ್ಟ ತಪ್ಪಿಗೆ ಆ ಮನುಷ್ಯನನ್ನು ಕಳ್ಳನನ್ನಾಗಿ ಮಾಡುವ ಕೈ ತನ್ನದಾಗುವುದು ಅವಳಿಗೆ ಬೇಡವಾಗಿತ್ತು. "ನನ್ನವೇ" ಎಂದಳು. ಬ್ರಾಂಟ್ ನಿಟ್ಟುಸಿರು ಬಿಟ್ಟು ಪೆನ್ನು ತೆಗೆದ.

ಇನ್ನು ಕೊಳ್ಳುವವರಿಗೆ ಹೇಳಬೇಕಿತ್ತು. ಆ ಮನೆತನದ ಒಡತಿ ಫ್ರೌ ಥಾಮ್ಸೆನ್ ಅರವತ್ತು ದಾಟಿದ ಹೆಂಗಸು, ಮಾತು ಕಡಿಮೆ, ನೋಟ ಹರಿತ. ಗಿರಣಿ ತೊಳೆದು ಒರೆಸಿ ಸಿದ್ಧವಿಟ್ಟುಕೊಂಡಿದ್ದರು. "ಮುಂದಿನ ಸೋಮವಾರದವರೆಗೆ ಕಾಯುತ್ತೇನೆ. ಆಮೇಲೆ ಸ್ಪೇನಿನವರಿಗೆ ಹೇಳುತ್ತೇನೆ" ಎಂದರು, ಅಷ್ಟೇ. ಹಾಗೆಯೇ, ಪರೀಕ್ಷೆ ಹೇಗೂ ಆಗುತ್ತಿದೆಯಲ್ಲ, ಬಣ್ಣದ ಪರೀಕ್ಷೆಯನ್ನೂ ಮಾಡಿಸಿ, ಎಲ್ಲ ಚೀಲಗಳದ್ದೂ ಎಂದು ಸೇರಿಸಿದರು.

ಆ ವಾರ ಅಮೂಲ್ಯಾ ಲ್ಯಾಬಿನವರ ಬೆನ್ನು ಬಿಡಲಿಲ್ಲ. ಬೆಳಗಾದರೆ ಅವರ ಬಾಗಿಲಲ್ಲಿ ನಿಲ್ಲುತ್ತಿದ್ದಳು. "ನಿಮ್ಮ ಕೇಸು ಸರದಿಯಲ್ಲಿದೆ" ಎಂದರೆ "ಸರದಿಯಲ್ಲಿ ನನ್ನ ಮುಂದೆ ಯಾರಿದ್ದಾರೆ" ಎಂದು ಕೇಳುತ್ತಿದ್ದಳು. ಇಂಥ ಪ್ರಶ್ನೆಯನ್ನು ಈ ದೇಶದಲ್ಲಿ ಯಾರೂ ಕೇಳುವುದಿಲ್ಲ. ಕೊನೆಗೆ ಅವಳ ಕಾಟ ತಾಳಲಾರದೆ ಶುಕ್ರವಾರ ಮಧ್ಯಾಹ್ನವೇ ವರದಿ ಕೊಟ್ಟು ಕಳಿಸಿದರು. ಸರಕು ಶುದ್ಧ. ಸುಂಕದವರು ದಂಡ ಕಟ್ಟಿಸಿಕೊಂಡು ಕಂಟೇನರ್ ಬಿಟ್ಟರು. ಕೊಸರಿನ ಚೀಲಗಳನ್ನೂ ಬಿಟ್ಟರು. ಗೆದ್ದೆ ಎಂದುಕೊಂಡು ಅಮೂಲ್ಯಾ ಆ ಶನಿವಾರ ಮಧ್ಯಾಹ್ನದವರೆಗೆ ಮಲಗಿದಳು.

ಸೋಮವಾರ ಬೆಳಿಗ್ಗೆ ಕರಾರಿಗೆ ಸಹಿ ಹಾಕಲೆಂದು ಹೋದರೆ ಫ್ರೌ ಥಾಮ್ಸೆನ್ ಮುಖ ಗಂಟು ಹಾಕಿ ಕೂತಿದ್ದರು. ಕಾಲುವೆಯ ಅಂಚಿನ ಕೆಂಪು ಇಟ್ಟಿಗೆಯ ಗೋದಾಮು ಅದು. ಗೋಡೆಯ ತುಂಬ ಆ ಮನೆತನದ ಹಳೆಯ ಚಿತ್ರಗಳು. ಒಂದರಲ್ಲಿ ಬ್ರಿಟಿಷರ ಕಾಲದ ಬೊಂಬಾಯಿ ಬಂದರು. ಬೆನ್ನ ಮೇಲೆ ಮೂಟೆ ಹೊತ್ತ ಕೂಲಿಗಳು, ಅವರ ಪಕ್ಕ ಬಿಳಿ ಸೂಟಿನಲ್ಲಿ ಛತ್ರಿ ಹಿಡಿದು ನಿಂತ ಥಾಮ್ಸೆನ್ನರ ಮುತ್ತಜ್ಜ. ದರ ಹೇಳುವವನೂ ಅವನೇ, ದರ್ಜೆ ಹೇಳುವವನೂ ಅವನೇ ಆಗಿದ್ದ ಕಾಲ. ಮೂಟೆ ತಂದವನಿಗೆ ಕುರ್ಚಿ ಕೊಟ್ಟಿರಲಾರರು. ಅಮೂಲ್ಯಾ ಯಾರೂ ಹೇಳದಿದ್ದರೂ ಕುರ್ಚಿ ಎಳೆದುಕೊಂಡು ಕೂತಳು.

ಫ್ರೌ ಥಾಮ್ಸೆನ್ ಲ್ಯಾಬಿನ ವರದಿಯನ್ನು ಅವಳತ್ತ ತಳ್ಳಿದರು. "ಆ ಎರಡು ಚೀಲಗಳ ಬಣ್ಣ ನೋಡಿ. ನನ್ನ ಸರಕಿಗಿಂತ ಎಷ್ಟೋ ಮೇಲು. ಅಂದರೆ ನಿಮ್ಮ ಬಳಿ ಒಳ್ಳೆಯ ಮಾಲಿದೆ. ನನಗೆ ಎರಡನೇ ದರ್ಜೆಯದನ್ನು ಮಾರಿ, ಮೊದಲನೆಯದನ್ನು ನನ್ನ ಕಂಟೇನರಿನಲ್ಲೇ ಬಚ್ಚಿಟ್ಟು ತಂದಿರಿ. ಯಾರಿಗಾಗಿ?"

"ನಿಮಗಾಗಿಯೇ. ಅದು ಉಚಿತ."

"ಒಳ್ಳೆಯದನ್ನು ಬಿಟ್ಟಿ ಕೊಟ್ಟು, ಕಡಿಮೆಯದನ್ನು ಹಣಕ್ಕೆ ಮಾರುವ ವ್ಯಾಪಾರಿಯನ್ನು ನಾನು ಇದುವರೆಗೆ ಕಂಡಿಲ್ಲ, ಫ್ರೌ ಅಮೂಲ್ಯಾ."

ತನ್ನ ಮಾತು ಎಷ್ಟು ಸುಳ್ಳಾಗಿ ಕೇಳಿಸುತ್ತದೆ ಎಂಬುದು ಅಮೂಲ್ಯಾಳಿಗೂ ಹೊಳೆಯಿತು. ಒಂದೂವರೆ ವರ್ಷದ ಅಲೆದಾಟ ಕಣ್ಣೆದುರೇ ಕಾಲುವೆಗೆ ಬೀಳುತ್ತಿತ್ತು. ಫೋನನ್ನು ಮೇಜಿನ ಮೇಲಿಟ್ಟು, ಅವರೆದುರಿಗೇ ಬ್ಯಾಡಗಿಗೆ ವಿಡಿಯೊ ಕರೆ ಮಾಡಿದಳು. ಪರದೆಯ ಮೇಲೆ ಬಂದದ್ದು ಕಾಕಾನ ಹೆಂಡತಿ, ಕಾಕು ಅನ್ನಪೂರ್ಣವ್ವ. ಹಿಂದೆ ಕಾಕಾ ಊಟಕ್ಕೆ ಕೂತಿದ್ದ.

"ಕಾಕು, ಆ ಎರಡು ಚೀಲ ಯಾವ ಕಾಯಿ? ಉಳಿದದ್ದು ಉದ್ದನ ಕಡ್ಡಿಕಾಯಿ. ಅದು ಕಡ್ಡಿ ಅಲ್ಲ."

"ಡಬ್ಬಿಕಾಯಿ ಅದವಾ, ಗಿಡ್ಡಂದು, ಬಣ್ಣ ಜಾಸ್ತಿ. ನಮ್ಮ ಮನೀದು. ವರ್ಷದ ಖಾರಕ್ಕಂತ ನಾನ ಆರಿಸಿ, ತೊಟ್ಟ ಬಿಡಿಸಿ ತೆಗದಿಟ್ಟಿದ್ದೆ. ಅದನ್ನ ಕಳಸೂಣಂದ ನಿಮ್ಮ ಕಾಕಾ."

"ಮತ್ತ ನೀವು ಈ ವರ್ಷ ಏನ ಮಾಡ್ತೀರಿ?"

"ಪ್ಯಾಟ್ಯಾಗಿಂದು ತರೂದು. ನಡೀತೈತಿ ಬಿಡು," ಎಂದಳು ಅನ್ನಪೂರ್ಣವ್ವ. ಅಷ್ಟು ಹೇಳಿ ಆ ಬಿಳಿಯ ಹೆಂಗಸಿಗೆ ಕೈ ಮುಗಿದಳು. ಫ್ರೌ ಥಾಮ್ಸೆನ್ ಏನು ಮಾಡಬೇಕೆಂದು ತಿಳಿಯದೆ ತಾವೂ ಕೈ ಮುಗಿದರು.

ಕಾಕುವಿನ ಖಾರಪುಡಿ ಎಂದರೆ ಏನೆಂದು ಅಮೂಲ್ಯಾಳಿಗೆ ಗೊತ್ತಿತ್ತು. ಮಗಳ ಬಾಣಂತನಕ್ಕೂ ಅಳೆದು ಕೊಡುವ ಹೆಂಗಸು ಅವಳು. "ಅಷ್ಟು ಚೊಲೋ ಮಾಲಿತ್ತಂದ್ರ ಅದನ್ನ ಮಾರಬೇಕಿತ್ತಿಲ್ಲ ಕಾಕಾ?" ಎಂದು ಕೇಳಿದಳು.

"ಮಾರೂದು ಅಂಗಡ್ಯಾಗಿಂದು, ಕೊಡೂದು ಮನ್ಯಾಗಿಂದು," ಎಂದ ಚನ್ನಮಲ್ಲಪ್ಪ, ರೊಟ್ಟಿ ಮುರಿಯುತ್ತಾ. "ಅಂಗಡ್ಯಾಗಿಂದು ಕೊಸರ ಹಾಕಿದ್ರ ರೊಕ್ಕಾ ಕೊಟ್ಟಾರಿಗೆ ಅವರ ರೊಕ್ಕದ್ದ ತಿರುಗಿ ಕೊಟ್ಟಂಗ ಆತಲ್ಲ."

ಅಮೂಲ್ಯಾ ಒಂದೂ ಮಾತು ಬಿಡದೆ ಜರ್ಮನ್‌ನಲ್ಲಿ ಹೇಳಿದಳು. ಫ್ರೌ ಥಾಮ್ಸೆನ್ ಬಹಳ ಹೊತ್ತು ಪರದೆಯ ಮೇಲಿನ ಊಟದ ತಟ್ಟೆಯನ್ನೇ ನೋಡಿದರು. ಅವರ ಮುಖದ ಗಂಟು ಸಡಿಲವಾಯಿತು. ನಂಬಿದರು. ಆದರೆ ನಂಬಿದ ಮೇಲೂ ಅವರು ವ್ಯಾಪಾರಿಯೇ ತಾನೆ. ಕರಾರಿನ ಕೊನೆಯ ಹಾಳೆಯಲ್ಲಿ ತಮ್ಮ ಕೈಯಿಂದಲೇ ಒಂದು ಸಾಲು ಸೇರಿಸಿದರು. ಪ್ರತಿ ಕಂಟೇನರಿನಲ್ಲೂ ಇದೇ ಡಬ್ಬಿಯ ಎರಡು ಚೀಲ ಇರತಕ್ಕದ್ದು. "ಬಿಟ್ಟಿ ಬೇಡ, ದರ ನೀವೇ ಹೇಳಿ. ಇದೊಂದಿದ್ದರೆ ಸಹಿ ಹಾಕುತ್ತೇನೆ."

ಯಾರಿಗಾದರೂ ಆಸೆಯಾಗುವ ಮಾತೇ. ಅಮೂಲ್ಯಾಳಿಗೂ ಆಯಿತು, ಸುಳ್ಳೇಕೆ? ದರ ನೀವೇ ಹೇಳಿ ಎಂದು ಆ ಕೋಣೆಯಲ್ಲಿ ಬೇರೆ ಯಾರಿಗಾದರೂ ಹೇಳಿದ್ದುಂಟೋ ಇಲ್ಲವೋ. ಅವಳು ಕಾಕಾನಿಗೆ ತಿಳಿಸಿದಳು. ಕಾಕಾ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಇಟ್ಟ.

"ಬರಸ್ಕೊಂಡು ಇಸ್ಕೊಂಡ್ರ ಅದು ಕೊಸರಲ್ಲವಾ, ಮಾಲು. ಆ ಮಾಲು ನಮ್ಮ ಕಡೆ ಇಲ್ಲಂತ ಹೇಳು."

"ಇಲ್ಲಂದ್ರ ಕರಾರ ಮುರೀಬಹುದು ಕಾಕಾ."

"ಈ ವ್ಯಾಪಾರ ನಿಂದು. ನೀ ಹೇಳಿದಂಗ," ಎಂದ ಕಾಕಾ. ಬೇಸರವಿರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ಅವಳಿಗೇ ಬಿಟ್ಟಿದ್ದ.

ಅವಳು ಪೆನ್ನು ತೆಗೆದುಕೊಂಡಳು. ಗೋಡೆಯ ಮೇಲಿನ ಛತ್ರಿಯವನು ನೋಡುತ್ತಿದ್ದ, ನೋಡಲಿ. ಫ್ರೌ ಥಾಮ್ಸೆನ್ ಆಗಷ್ಟೇ ಬರೆದ ಸಾಲಿನ ಮೇಲೆ ಅವಳು ನಿಧಾನವಾಗಿ ಗೆರೆ ಎಳೆದಳು.

"ನೀವು ನೋಡಿ ಒಪ್ಪಿದ ಕಡ್ಡಿ ಮೆಣಸಿನಕಾಯಿ, ಹೇಳಿದ ತೂಕ, ಹೇಳಿದ ದಿನ. ಇಷ್ಟನ್ನು ನಾನು ಮಾರುತ್ತೇನೆ. ಇದರಲ್ಲಿ ಕೂದಲೆಳೆಯಷ್ಟು ತಪ್ಪಿದರೆ ಸ್ಪೇನಿನವರಿಗೆ ಹೇಳಿ. ನಮ್ಮ ಮನೆಯವರು ಕೊಡುವುದನ್ನು ಹಡಗು ಹೊರಡುವ ಮುಂಚೆ ಸುಂಕದವರಿಗೆ ತಿಳಿಸುತ್ತೇನೆ, ಇನ್ನೊಮ್ಮೆ ನಿಮ್ಮನ್ನು ಕಾಯಿಸುವುದಿಲ್ಲ. ಆದರೆ ಅದು ಮಾರಾಟಕ್ಕಿಲ್ಲ, ಫ್ರೌ ಥಾಮ್ಸೆನ್. ನೀವು ಕೇಳುವ ಹಾಗಿಲ್ಲ."

"ಯಾವ ದರಕ್ಕೂ?"

"ಯಾವ ದರಕ್ಕೂ."

ಕೆಳಗೆ ಕಾಲುವೆಯಲ್ಲಿ ಪ್ರವಾಸಿಗರ ದೋಣಿಯೊಂದು ಹೋಯಿತು. ಅದರ ಧ್ವನಿವರ್ಧಕದಲ್ಲಿ ಯಾರೋ ಈ ಗೋದಾಮುಗಳ ಹಳೆಯ ವೈಭವ ವರ್ಣಿಸುತ್ತಿದ್ದರು. ಫ್ರೌ ಥಾಮ್ಸೆನ್ ಅವಳ ಕೈಯಿಂದ ಪೆನ್ನು ತೆಗೆದುಕೊಂಡರು. ಆಮೇಲೆ ಗೆರೆ ಎಳೆದ ಸಾಲಿನ ಪಕ್ಕ ತಮ್ಮ ಚಿಕ್ಕ ಸಹಿ ಹಾಕಿ, ಹಾಳೆಯ ಕೆಳಗೆ ದೊಡ್ಡ ಸಹಿ ಹಾಕಿದರು.

"ಏನಂತವಾ ಆಕಿ?" ಫೋನಿನಲ್ಲಿ ಕಾಕಾನ ದನಿ.

"ಸಹಿ ಮಾಡಿದ್ರು, ಕಾಕಾ. ಆ ಸಾಲು ಬಿಟ್ಟು." ಅವಳ ಕಣ್ಣು ತುಂಬಿ ಬಂದಿತ್ತು. ಒರೆಸಿಕೊಳ್ಳಲು ಹೋಗಲಿಲ್ಲ.

"ಹೌದಾ? ಕೇಳಬ್ಯಾಡ ಅಂದ್ರ ಬಿಟ್ಳೇನು? ಪಾಪ, ಭಾಳ ಚೊಲೋ ಹೆಣ್ಮಗಳು," ಎಂದ ಚನ್ನಮಲ್ಲಪ್ಪ. ಒಂದು ಕ್ಷಣ ಯೋಚಿಸಿ, ಹೆಂಡತಿಯ ಕಡೆ ತಿರುಗಿದ. "ಮುಂದಿನ ಸಲ ಮೂರು ಹಾಕೂಣಲ್ಲ?"