ಜೋಡಿ ಹೋದಾಕಿ

"ಕಿಟಕಿ ಕಡಿ ನಾ ಕುಂದರತೀನಿ, ಸರಿ," ಎಂದು ಕೊಟ್ರಬಸಮ್ಮ ಮೊಮ್ಮಗಳು ಶೀಲಾಳನ್ನು ದಾಟಿ ಸೀಟಿನೊಳಕ್ಕೆ ನುಗ್ಗಿದಳು. ಸಿರುಗುಪ್ಪದ ಬಸ್ಸು ಬಳ್ಳಾರಿಯಲ್ಲೇ ತುಂಬಿತ್ತು. ಎಂಬತ್ತರ ಹತ್ತಿರದ ಮುದುಕಿ ಬೆಳಿಗ್ಗೆ ಕುರುಗೋಡಿನಿಂದ ಒಬ್ಬಳೇ ಬಂದು ಶೀಲಾಳ ಬಾಡಿಗೆ ಕೋಣೆಯ ಬಾಗಿಲು ಬಡಿದಿದ್ದಳು. "ಪರೀಕ್ಷಿ ಮುಗೀತಲ್ಲ ಡಾಕ್ಟರಮ್ಮ? ಇನ್ನೇನು ನೆವ ಹೇಳ್ತಿ ಹೇಳು."

ಶೀಲಾಳ ಬಳಿ ನೆವ ಉಳಿದಿರಲಿಲ್ಲ. ರಷ್ಯಾದಲ್ಲಿ ಡಾಕ್ಟರ್ ಓದಿ ಬಂದವರು ಇಲ್ಲಿ ಮತ್ತೊಂದು ಪರೀಕ್ಷೆ ಬರೆಯಬೇಕು. ಅದಕ್ಕೆಂದೇ ಬಳ್ಳಾರಿಯಲ್ಲಿ ಕೋಣೆ ಹಿಡಿದಿದ್ದಳು. ಅಜ್ಜಿ, ದೇಶನೂರಿನಲ್ಲಿರುವ ತನ್ನ ದೊಡ್ಡಪ್ಪನ ಮಗಳು ಹುಲುಗಮ್ಮನ ಹತ್ತಿರ ಕರೆದುಕೊಂಡು ಹೋಗು ಎಂದು ದೀಪಾವಳಿಯಿಂದಲೂ ಕೇಳುತ್ತಿದ್ದಳು. "ಬರೋ ವಾರ, ಅಜ್ಜಿ," ಎನ್ನುತ್ತ ಎನ್ನುತ್ತ ಸಂಕ್ರಾಂತಿಯೂ ದಾಟಿತ್ತು.

ಅಜ್ಜಿ ಹುಲುಗಮ್ಮನನ್ನು ಬಿಟ್ಟು ಬಂದ ಕಥೆ ಶೀಲಾಳಿಗೆ ಚಿಕ್ಕಂದಿನಿಂದ ಬಾಯಿಪಾಠ. ಹೊಸ ಮದುಮಗಳು ಗಂಡನ ಮನೆಗೆ ಹೊರಟಾಗ ತವರಿನ ಹುಡುಗಿಯೊಬ್ಬಳು ಜೋಡಿ ಹೋಗಬೇಕು. ಅವಳ ತಟ್ಟೆಯಲ್ಲೇ ಉಣ್ಣಬೇಕು, ಅವಳ ಮಗ್ಗುಲಿಗೇ ಇರಬೇಕು. ಐದು ದಿನ ಆದಮೇಲೆ ಮದುಮಗಳೇ ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು ಹಾಕಿ ಉಡಿ ತುಂಬಿ ಕಳಿಸಬೇಕು. ಹದಿನಾರರ ಹುಲುಗಮ್ಮನ ಜೋಡಿ ಹೋದವಳು ಹನ್ನೆರಡರ ಕೊಟ್ರಬಸಮ್ಮ. ಎರಡನೆಯ ದಿನ ಹೊತ್ತು ಮುಳುಗುವಾಗ ಇಬ್ಬರೂ ಮಾಳಿಗೆಯ ಮೇಲೆ ಕೂತಿದ್ದರು. ಒಂದು ಚುಕ್ಕಿ ಸರಸರನೆ ನಡೆದುಕೊಂಡು ಹೋಯಿತು. ಹುಲುಗಮ್ಮನ ಗಂಡ ತಿಪ್ಪೇರುದ್ರಪ್ಪ ಕೆಳಗಿನಿಂದಲೇ ಕೂಗಿ ಹೇಳಿದ್ದ: "ರಷ್ಯಾದೋರು ಬಿಟ್ಟಾರ. ಸ್ಪುಟ್ನಿಕ್ ಅಂತ." ಹುಲುಗಮ್ಮ ತಂಗಿಯ ಕೈ ಹಿಡಿದುಕೊಂಡು, "ಪಾಪ, ಒಂದs ಐತಿ ನೋಡಲೇ," ಅಂದಿದ್ದಳು.

ಮರುದಿನ ಬೆಳಿಗ್ಗೆ ಕುರುಗೋಡಿನ ಬಂಡಿಯೊಂದು ಆ ಕಡೆ ಬಂದಿತ್ತು. ಹುಲುಗಮ್ಮ ಕಾಲುವೆಗೆ ನೀರಿಗೆ ಹೋಗಿದ್ದಳು. ಅವ್ವನ ನೆನಪಾಗಿ ಅಳು ತಡೆಯದ ಹುಡುಗಿ ಹೇಳದೆ ಕೇಳದೆ ಬಂಡಿ ಹತ್ತಿದಳು. ಬರಿ ಉಡಿಯಲ್ಲಿ. ಅದು ತಮಗಾದ ಅವಮಾನ ಎಂದು ಅತ್ತೆ ಮಾವ ನಾಲ್ಕು ವರ್ಷ ಸೊಸೆಯನ್ನು ತವರಿಗೆ ಕಳಿಸಲಿಲ್ಲ. ನಡುವೆ ಹುಲುಗಮ್ಮನ ಅವ್ವ ತೀರಿಕೊಂಡಳು. ಮಣ್ಣಿಗೂ ಬಿಡಲಿಲ್ಲ. ಆಮೇಲೆ ಕೊಟ್ರಬಸಮ್ಮನಿಗೆ ಆ ಊರಿನ ಕಡೆ ಮುಖ ಮಾಡಲು ಧೈರ್ಯ ಬರಲಿಲ್ಲ.

ತೆಕ್ಕಲಕೋಟೆ ದಾಟುವಾಗ ಅಜ್ಜಿ ಕೇಳಿದಳು: "ಆ ಚುಕ್ಕಿ ಹೆಸರಿಗೆ ಏನೋ ಅರ್ಥ ಹೇಳಿದ್ದಿಯಲ್ಲ?"

"ರಷ್ಯನ್ ಕಲಿಸೋ ಮೇಡಂ ಹೇಳಿದ್ರು. ಮೊದಲಿಂದ ಇದ್ದ ಅರ್ಥ ದಾರಿಯಾಗ ಜೋಡಿ ನಡೆಯೋರು ಅಂತ. ರೈಲಿನಾಗ ಮಗ್ಗುಲ ಸೀಟಿನೋರೂ ಅದs, ಗಂಡ-ಹೆಂಡ್ತಿನೂ ಅದs, ಭೂಮಿ ಸುತ್ತೋ ಚಂದ್ರನೂ ಅದs. ಚುಕ್ಕಿಗೆ ಇಟ್ಟಿದ್ದು ಆಮೇಲೆ. ಈಗ ಒಂದು ಲಸಿಕಿಗೂ ಇಟ್ಟಾರ."

"ಅಂದ್ರ ಅವರಲ್ಲೂ ಜೋಡಿ ಕಳಿಸ್ತಾರನು?" ಅಜ್ಜಿ ನಕ್ಕಳು. "ಆ ಚುಕ್ಕಿ ಎಷ್ಟು ದಿನ ಇತ್ತು?"

"ಮೂರು ತಿಂಗಳು. ಆಮೇಲೆ ಉರಿದು ಹೋತು."

"ಮೂರು ತಿಂಗಳಾ?" ಅಜ್ಜಿ ಹೊರಗಿನ ಭತ್ತದ ಗದ್ದೆಗಳನ್ನು ನೋಡಿದಳು. "ನಾ ಮೂರು ದಿನ ಇರಲಿಲ್ಲ ನೋಡು."

ಸಿರುಗುಪ್ಪದಿಂದ ಆಟೊ ಮಾಡಿಕೊಂಡು ದೇಶನೂರು ತಲುಪಿದಾಗ ಮಧ್ಯಾಹ್ನ. ಪಡಸಾಲೆಯಲ್ಲಿ ಕೌದಿ ಹೊದ್ದು ಕೂತಿದ್ದ ಮುದುಕಿ ಕಣ್ಣು ಕಿರಿದು ಮಾಡಿದಳು. "ಯಾರವ್ವಾ?"

"ಕೊಟ್ರಿ, ಅಕ್ಕ."

"ಯಾ ಕೊಟ್ರಿ? ನೀರು ತರೋದ್ರಾಗ ಹೊಂಟು ಹೋದಾಕಿ?"

"ಹೂಂ. ಆಕಿನs."

ಹುಲುಗಮ್ಮ ಬೊಚ್ಚುಬಾಯಲ್ಲಿ ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಕೊಟ್ರಬಸಮ್ಮ ಅವಳೆದುರು ಮೊಣಕಾಲೂರಿ ಕೂತು ಸೆರಗು ಹಾಸಿದಳು. "ಈಗಾರ ನಿನ್ನ ಕೈಯಾರೆ ಕಳಿಸಿಕೊಡು."

ಕೌದಿಯಿಂದ ಎರಡು ಕೈ ಹೊರಬಂದವು. ಬಳೆಯಿರಲಿಲ್ಲ. ಬಂದಷ್ಟೇ ಬೇಗ ಮತ್ತೆ ಒಳಗೆ ಸೇರಿದವು.

"ಮಾವಾರು ಹೋಗಿ ಇಪ್ಪತ್ತು ದಿನ ಆತ್ರಿ," ಸೊಸೆ ಸುನಂದಾ ಮೆಲ್ಲಗೆ ಹೇಳಿದಳು. "ಸುದ್ದಿ ಮುಟ್ಟಿಸಾಕ ನಿಮ್ಮ ನಂಬರ್ ಇದ್ದಿಲ್ಲ."

"ಹೋದ ತಿಂಗಳು ಬಂದಿದ್ರ ತುಂಬತಿದ್ದೆ, ಕೊಟ್ರಿ," ಎಂದಳು ಹುಲುಗಮ್ಮ. "ಈ ಕೈಲೆ ಈಗ ಬರಂಗಿಲ್ಲ."

ಶೀಲಾ ತಡೆಯದೆ ಹೇಳಿದಳು, "ದೊಡ್ಡಜ್ಜಿ, ಈಗ ಅದನ್ನೆಲ್ಲ ಯಾರು ನೋಡ್ತಾರ? ತುಂಬ್ರಿ."

"ನಿಮ್ಮಜ್ಜ ಇನ್ನೂ ಗಟ್ಟಿ ಅದಾನಲ್ಲವ್ವಾ? ನಾ ತುಂಬಿ ಆತಗ ಏನಾರ ಆದ್ರ?"

ಶೀಲಾ ಅಜ್ಜಿಯ ಮುಖ ನೋಡಲಾರದೆ ನೆಲ ನೋಡಿದಳು. ಬರೋ ವಾರ, ಬರೋ ವಾರ. ಸುನಂದಾ ಮೊರದಲ್ಲಿ ಅಕ್ಕಿ, ಕೊಬ್ಬರಿ ತಂದು ಬಗ್ಗಿದಳು. ಕೊಟ್ರಬಸಮ್ಮ ಮೊರದ ಮೇಲೆ ಕೈಯಿಟ್ಟು ತಡೆದಳು.

"ಬ್ಯಾಡವ್ವಾ. ನಾ ಬಿಟ್ಟು ಹೋಗಿದ್ದು ಈಕಿನ್ನ."

ಸುನಂದಾ ಮೊರ ಹಿಂದಕ್ಕೆ ತೆಗೆದುಕೊಂಡಳು. ಕೊನೆಗೆ ಹುಲುಗಮ್ಮನೇ ಅಂದಳು: "ಹಂಗಾರ ನೀ ಇನ್ನೂ ಹೋಗೇ ಇಲ್ಲ ಅಂದಂಗಾತು. ಏಳು, ಚಾ ಕುಡಿ."

ಸಂಜೆಯ ಬಸ್ಸಿನಲ್ಲಿ ಅಜ್ಜಿ ತಾನಾಗಿಯೇ ಕಿಟಕಿಯ ಸೀಟು ಬಿಟ್ಟುಕೊಟ್ಟಳು. ತಪ್ಪು ನನ್ನದು ಎಂದು ಹೇಳಲು ಶೀಲಾ ಎರಡು ಸಲ ಬಾಯಿ ತೆರೆದಳು. ಎರಡು ಸಲವೂ, "ಗಾಳಿ ಬರ್ತದನು, ಅಜ್ಜಿ?" ಎಂದಷ್ಟೇ ಕೇಳಿದಳು.

"ಬರಲಿ ಬಿಡು."

ಕೊಟ್ರಬಸಮ್ಮ ಕಣ್ಣು ಮುಚ್ಚಿದ್ದಳು. ಅವಳ ಸೆರಗು ಮಡಿಲ ತುಂಬ ಹಾಸಿಕೊಂಡೇ ಇತ್ತು. ಬಸ್ಸು ಕುಲುಕಿದಾಗಲೆಲ್ಲ ಏನೋ ಚೆಲ್ಲೀತೆಂಬಂತೆ ಅವಳ ಎರಡೂ ಕೈ ಅದರ ಅಂಚನ್ನು ಎತ್ತಿ ಹಿಡಿಯುತ್ತಿದ್ದವು.